ಆ ದಿನ ನಾನೂ ಅಲ್ಲಿದ್ದೆ

ಶನಿವಾರ ರೇಡಿಯೋದವರು ನಮ್ಮೂರಿನ ಕತೆ ಕೇಳಲು ಬರುವವರಿದ್ದರು. ಹೇಳುವವರು ಯಾರೆಂಬುದು ಗುರುವಾರ ಸಂಜೆಯ ಕತೆಕೂಟದಲ್ಲಿ ತೀರ್ಮಾನವಾಗಬೇಕಿತ್ತು. ಕಳೆದ ಸಲ ನಮ್ಮಜ್ಜಿ ಎಕ್ಕುವಾ, ಕತೆಯ ನಡುವೆ ಮರೆತು, ಎದ್ದು ಮನೆಗೆ ಬಂದುಬಿಟ್ಟಿದ್ದಳು.

"ಇವತ್ತು ಸಂಜೆನೂ ಹಂಗೇ ಆದ್ರೆ ಕತೆ ಹೇಳೋರು ಕೂರೋ ಮಣೆ ನಾನೇ ತಗೋತೀನಿ ದೊಡ್ಡಮ್ಮ, ಬೇಜಾರು ಮಾಡ್ಕೋಬೇಡ," ಎಂದು ಕತೆಯ ಬಳಗದ ಯಜಮಾನ ಎಕೊ ಮಾವ ಬಾಗಿಲಿಗೇ ಬಂದು ಹೇಳಿದ.

"ಮಣೆ ಆಮೇಲೆ ಹೊರುವಂತೆ, ಮೊದ್ಲು ನಿನ್ನ ಹೊಟ್ಟೆ ಹೊತ್ಕೋ," ಎಂದಳು ಅಜ್ಜಿ.

ಅವನು ಹೋದ ಮೇಲೆ ಜೋಳದ ಡೊಕೊನು ಉಂಡೆಯನ್ನು ಮುರಿದವಳು ಬಾಯಿಗಿಡಲಿಲ್ಲ. ಅವಳಿಗೆ ಭಯವಾಗಿದೆಯೆಂದು ನನಗೆ ಗೊತ್ತಾಯಿತು. ಇವತ್ತು ಇವಳನ್ನು ಅರ್ಧ ದಾರಿಯಲ್ಲಿ ಎದ್ದು ಬರಲು ಬಿಡಬಾರದು ಎಂದುಕೊಂಡೆ.

ಆದರೆ ಹೇಗೆ? ಕತೆ ಹೇಳುವವರಿಗೆ ಮರೆತ ಮಾತನ್ನು ಎತ್ತಿಕೊಡುವುದು ನಮ್ಮಲ್ಲಿ ಅವಮಾನ; ಮಣೆಯಿಂದ ತಳ್ಳಿದಂತೆಯೇ. ಒಂದೇ ದಾರಿಯಿತ್ತು. ಕೇಳುತ್ತ ಕೂತವರು ಯಾರಾದರೂ ಎದ್ದು, "ಕತೆ ನಿಲ್ಲಿಸು, ಆ ದಿನ ನಾನೂ ಅಲ್ಲಿದ್ದೆ!" ಎಂದು ಹಾಡೆತ್ತಬಹುದು. ಅದು ಮರ್ಯಾದೆ. ಜನ ಚಪ್ಪಾಳೆ ಹಾಕುತ್ತ ಹಾಡುವಷ್ಟು ಹೊತ್ತು ಹೇಳುವವರಿಗೆ ಉಸಿರು ಸಿಗುತ್ತದೆ. ಆದರೆ ನಾನು ಡೈರಿಯಲ್ಲಿ ಮಾತ್ರ ಜೋರಾಗಿ ಮಾತಾಡುವವಳು. ಡಿಗ್ರಿ ಮುಗಿಸಿ ಬಂದರೂ ನಾಲ್ಕು ಜನರ ಎದುರು ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಸಂಜೆ, ಸಾಲಾಗಿದ್ದ ಮೀನು ಸುಡುವ ಒಲೆಗಳನ್ನು ಆರಿಸಿ ಹೆಂಗಸರೆಲ್ಲ ಕತೆ ಕೇಳಲು ಪಕ್ಕದ ಬಯಲಿಗೆ ಬಂದರು. ಅಜ್ಜಿ ಮಣೆಯ ಮೇಲೆ ಕೂತು, ನನಗೆ ಮೊದಲೇ ಹೇಳಿದ್ದಂತೆ ಆಮೆಯ ಕತೆ ತೆಗೆದಳು. ಸ್ನಾನಕ್ಕಿಳಿಯುವ ಮುಂಚೆ ಆಮೆ ತನ್ನ ದನಿಯನ್ನು ಜೋಪಾನವಾಗಿಡೆಂದು ಸಮುದ್ರಕ್ಕೆ ಕೊಟ್ಟಿತು. ಸ್ನಾನ ಮುಗಿದರೂ ಸಮುದ್ರ ಅದನ್ನು ವಾಪಸ್ಸು ಕೊಡಲಿಲ್ಲ.

"ಕೇಳೋಣ ಅಂದ್ರೆ ಆಮೆಗೆ ದನಿಯೇ ಇಲ್ಲ. ದಂಡೆ ಮೇಲೆ ನಿಂತ್ಕೊಂಡ. ನಿಂತ್ಕೊಂಡ..." ಅಜ್ಜಿ ತಡೆದಳು. "ನಿಂತ್ಕೊಂಡ..."

"ಎಷ್ಟೊತ್ತು ನಿಲ್ತಾನವ್ವಾ, ಕಾಲು ನೋಯಲ್ವಾ?" ಎಂದಳು ಮೀನು ಮಾರುವ ಮಾನ್ಸಾ ಅತ್ತೆ. ಜನ ನಕ್ಕರು. ಎಕೊ ಮಾವ ಗಂಟಲು ಸರಿಮಾಡಿಕೊಂಡ. ಅಜ್ಜಿಯ ಕೈ ಮಣೆಯ ಅಂಚನ್ನು ಹಿಡಿಯಿತು. ಏಳಲಿದ್ದಾಳೆ.

ನಾನೇ ಎದ್ದೆ. "ಅಜ್ಜಿ, ಕತೆ ನಿಲ್ಸು! ಆ ದಿನ... ಆ ದಿನ ನಾನೂ ಅಲ್ಲಿದ್ದೆ!"

ಎಲ್ಲರ ಮುಖಗಳೂ ತಿರುಗಿದವು. ಆಮೆ ಅಳುವ ಹಾಡನ್ನು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಹಾಡಿಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು ಮರಗೆಣಸು ಕುಟ್ಟುವ ಹಾಡು!

"ಕುಟ್ಟೇ ಒನಕೆ, ಕುಟ್ಟೇ, ಅತ್ತೆ ಹಸಿದು ಕೂತಾಳೆ..."

"ಅಯ್ಯೋ, ಸಮುದ್ರದ ದಂಡೇಲಿ ಅಡುಗೆಮನೆ ಇಟ್ಲಲ್ಲ ಎಕ್ಕುವಾ ಮೊಮ್ಮಗಳು ಈ ಅರಬಾ!" ಎಂದು ಮಾನ್ಸಾ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂತುಬಿಡೋಣ ಅನ್ನಿಸಿತು. ಕೂರಲಿಲ್ಲ. ಎರಡನೆಯ ಸಲ ಇನ್ನೂ ಜೋರಾಗಿ ಹಾಡಿದೆ. ನಗುತ್ತಲೇ ಜನ ಚಪ್ಪಾಳೆಗೆ ಸೇರಿದರು. ಕುಟ್ಟುವ ಹಾಡಿಗೆ ನಮ್ಮೂರಿನಲ್ಲಿ ಕೈ ಸುಮ್ಮನಿರುವುದುಂಟೇ? ಅಜ್ಜಿಯ ಹಿಮ್ಮಡಿಯೂ ನೆಲಕ್ಕೆ ತಾಳ ಹಾಕತೊಡಗಿತು. ಆಮೇಲೆ ಅವಳು ಕೈಯೆತ್ತಿದಳು.

"ಹೌದು, ಇವಳು ಅವತ್ತಲ್ಲಿದ್ಲು. ಒನಕೆ ಇವಳದ್ದು, ಒರಳು ಆಮೆ ಚಿಪ್ಪು! ಇಬ್ರೂ ಸೇರಿ ಕುಟ್ಟಿದ್ರು ನೋಡಿ, ಆ ಸದ್ದಿಗೇ ಸಮುದ್ರಕ್ಕೆ ಹೊಟ್ಟೆ ಹಸೀತು. ತುತ್ತಿಗೆ ಅಂತ ಬಾಯಿ ತೆಗೀತು. ಆಮೆ ಕತ್ತು ತೂರಿಸಿ, ತನ್ನ ದನಿ ಕಚ್ಕೊಂಡು ಬಂದ!"

ನಾನು ಕೇಳಿ ಬೆಳೆದ ಕತೆಯಲ್ಲಿ ಒರಳೂ ಇರಲಿಲ್ಲ, ಒನಕೆಯೂ ಇರಲಿಲ್ಲ. ಅಜ್ಜಿ ಮಾತ್ರ ತಡವರಿಸದೆ ಕೊನೆಯವರೆಗೂ ಹೋದಳು.

ಜನ ಚದುರುವಾಗ ಎಕೊ ಮಾವ ಬಂದ. "ಈ ಒರಳು ಯಾವ ಕಾಲದ್ದು ದೊಡ್ಡಮ್ಮ? ನಾನು ಕೇಳೇ ಇಲ್ವಲ್ಲ."

"ಅಲ್ಲಿದ್ದವಳು ಅವಳು. ಅವಳನ್ನೇ ಕೇಳು."

ಅವನು ನನ್ನನ್ನೇ ನೋಡಿದ. "ಶನಿವಾರ ಮಣೆ ನಿಮ್ಮಜ್ಜಿದೇ. ಪಕ್ಕದಲ್ಲಿ ನೀನಿದ್ರೆ ಮಾತ್ರ. ಬರ್ತೀಯಾ?"

ತಲೆಯಾಡಿಸಿದೆ.

"ಬಾಯಲ್ಲಿ ಹೇಳೇ," ಎಂದು ಅಜ್ಜಿ ತಿವಿದಳು. "ತಲೆ ಅಲ್ಲಾಡ್ಸಿದ್ರೆ ರೇಡಿಯೋಲಿ ಕೇಳ್ಸುತ್ತಾ?"

"ಬರ್ತೀನಿ ಮಾವ," ಎಂದೆ, ಒಲೆ ಸಾಲಿನ ಆಚೆಗೂ ಕೇಳುವಂತೆ.