ದ್ವೀಪದಲ್ಲಿ ಆನೆ ಓಡಿಸಿದ್ದು

ಮೇಘಳ ಅವ್ವ ನೆಂಟರ ಮದುವೆಗೆ ಸತ್ಯಮಂಗಲದಲ್ಲಿ ಸೀರೆ ತೆಗೆದಾಗ ಅಂಗಡಿಯವರು ಒಂದು ಕೂಪನ್ ಕೊಟ್ಟಿದ್ದರು. ಅವ್ವನ ಕಣ್ಣಿದ್ದದ್ದು ಮೂರನೇ ಬಹುಮಾನದ ಮಿಕ್ಸಿ ಮೇಲೆ. ಗ್ರಹಚಾರಕ್ಕೆ ಮೊದಲನೇ ಬಹುಮಾನವೇ ಬಂದುಬಿಟ್ಟಿತು: ಅಂಡಮಾನಿನ ಯಾವುದೋ ಪುಟ್ಟ ದ್ವೀಪದಲ್ಲಿ ನಾಲ್ಕು ಜನಕ್ಕೆ ‘ಬೀಚು ಮತ್ತು ಕಾಡು’ ರಜೆ. ವಿಮಾನ, ಬೋಟು, ಊಟ ಎಲ್ಲ ಸೇರಿ. ಅವರು ಅಂಗಡಿಗೆ ಹೋಗಿ, ಇದನ್ನು ವಾಪಸ್ ತಗೊಂಡು ಮಿಕ್ಸಿ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಹಾಗಾಗಿ ನಾವು ಹೊರಟೆವು.

ನಾವು ಅಂದರೆ ಮೇಘ, ಪರಿಮಳ ಮತ್ತು ಪದ್ಮಶ್ರೀ ಎಂಬ ನಾನು. ಮೂವರದ್ದೂ ಒಂದೇ ಕಾಲೇಜು, ಒಂದೇ ಬಸ್ಸು, ಪಾಠದಲ್ಲಿ ಒಂದೇ ಹೊತ್ತಿಗೆ ನಿದ್ದೆ. ನಾಲ್ಕನೆಯದು ಮೇಘಳ ಅಣ್ಣ ದಯಾನಂದ್. ಹೆಣ್ಣುಮಕ್ಕಳನ್ನು ಕಾಯುವುದಕ್ಕೆ ಅಂತ ಅವನನ್ನು ಜೊತೆಗೆ ಅಂಟಿಸಿದ್ದರು. ಅವನನ್ನು ಯಾರು ಕಾಯಬೇಕು ಅಂತ ಯಾರೂ ಯೋಚಿಸಿರಲಿಲ್ಲ.

ನಮ್ಮಜ್ಜಿ ಶಾಂತಮಲ್ಲಮ್ಮ ಸುದ್ದಿ ಕೇಳಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ಕಾಡು ನೋಡಕ್ಕೆ ಇಮಾನ ಅತ್ತಬೇಕಾ? ಇತ್ಲ ಬಾಗ್ಲು ತಗುದ್ರೆ ಕಾಡಲ್ವಾ?”

“ಸಮುದ್ರನೂ ಅದೆ ಕಣಜ್ಜಿ.”

“ಅದ್ರಲ್ಲೇನದೆ? ನೀರು. ಕುಡಿಯಕ್ಕೂ ಆಗಕಿಲ್ಲ.”

ಊರಿನ ಅರ್ಧ ಜನ ಕಪ್ಪೆಚಿಪ್ಪಿನ ಸರ ಕೇಳಿದರು. ಪರಿಮಳನ ಅವ್ವ ಮಾದೇವಮ್ಮ ಮಾತ್ರ ಸರ ಕೇಳಲಿಲ್ಲ. ಅವರು ಆ ದಿನ ನಮ್ಮ ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿದ್ದರು. ನಮ್ಮನ್ನು ಬದುವಿನ ಹತ್ತಿರ ಕರೆದು, ತಾವು ದಿನಾ ನೀರು ತರುವ ಸ್ಟೀಲ್ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗಿಟ್ಟರು.

“ಅಷ್ಟು ನೀರೂ ಉಪ್ಪಂತಲ್ಲ. ಎಲ್ರೂ ಏಳ್ತಾರೆ, ನಾನು ನಂಬಾಕಿಲ್ಲ ಕಣವ್ವ. ಅಷ್ಟುಕ್ಕೂ ಉಪ್ಪು ಆಕೋರ್ಯಾರು? ಇದ್ರ ತುಂಬ ತಕಂಬಾ. ನಾಲ್ಗೆ ಮೇಲೆ ಬುಟ್ಕಂಡು ನೋಡ್ತೀನಿ.”

ಪರಿಮಳ ಆ ಖಾಲಿ ಬಾಟಲಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡಳು, ವಿಮಾನದಲ್ಲಿ ಎದೆಗವಚಿಕೊಂಡಳು. ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಸುತ್ತ ಬರೀ ಸಮುದ್ರವೇ ಇದ್ದರೂ ಕಿಟಕಿಗಳಿಗೆಲ್ಲ ಗಾಜು ಜಡಿದಿದ್ದರು; ಇಳಿಯುವ ಕಟ್ಟೆಯಿಂದಲೂ ನೀರು ಕೈಗೆಟುಕುವ ಹಾಗಿರಲಿಲ್ಲ. ದಯಾನಂದ್ ಒಂದು ಪ್ಲಾಸ್ಟಿಕ್ ಕವರಿನೊಳಗೆ ಮುಖವಿಟ್ಟು ನಮ್ಮನ್ನು ಕಾಯುತ್ತಿದ್ದ.

ರಿಸಾರ್ಟು ಕಾಡಿನ ನಡುವೆ ಇತ್ತು. ಹುಲ್ಲಿನ ಚಾವಣಿ, ಮಣ್ಣು ಮೆತ್ತಿದ ಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು. ನಮ್ಮೂರಿನಲ್ಲಿ ಇಂಥ ಮನೆ ಇರುವವರು ಸರ್ಕಾರಿ ಮನೆಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಇಲ್ಲಿ ಅದಕ್ಕೆ ‘ಹೆರಿಟೇಜ್ ಕಾಟೇಜ್’ ಅಂತ ಬೋರ್ಡು. ಸಮುದ್ರ ಎಲ್ಲಿ ಅಂತ ಪರಿಮಳ ಕೇಳಿದರೆ, ಕಾಡಿನ ಆ ಕಡೆ ಅಂದರು. ಮಾರನೆಯ ದಿನ ಬೆಳಗ್ಗೆಯೆಲ್ಲ ಕಾಡಿನ ಅನುಭವ, ಸಂಜೆ ಗೈಡ್ ಜೊತೆ ಕಾಲುದಾರಿಯಲ್ಲಿ ನಡೆದು ಬೀಚಿನಲ್ಲಿ ಸೂರ್ಯಾಸ್ತ, ಅದರ ಮಾರನೆಯ ಬೆಳಗ್ಗೆ ವಾಪಸ್ ಬೋಟು. ಅಂದರೆ ಇಡೀ ರಜೆಯಲ್ಲಿ ಸಮುದ್ರಕ್ಕೆ ಸಿಕ್ಕಿದ್ದು ಒಂದು ಸಂಜೆ.

ಕಾಡಿನ ಅನುಭವ ಅಂದರೆ ಸೌದೆ ಒಲೆ ಊದುವುದು, ಗೆಣಸು ಸುಡುವುದು, ಬಾವಿಯಿಂದ ನೀರು ಸೇದುವುದು. ಚೆನ್ನೈನಿಂದ ಬಂದ ಒಂದು ಕುಟುಂಬ ಹೊಗೆಗೆ ಕಣ್ಣೀರು ಸುರಿಸುತ್ತಾ ಸೆಲ್ಫಿ ತೆಗೆದುಕೊಳ್ಳುತ್ತಿತ್ತು.

“ನಮ್ಮವ್ವ ದಿನಾ ಇದ್ನೇ ಮಾಡ್ತಾಳೆ. ಒಂದಿನಾನೂ ಪ್ಯಾಕೇಜು ಅನ್ನಲಿಲ್ಲ” ಅಂದಳು ಪರಿಮಳ.

ನನಗೆ ಮಾತ್ರ ಅಲ್ಲಿ ಭಾರೀ ಮರ್ಯಾದೆ. ನಾವು ಹುಲಿ, ಆನೆ ಇರುವ ಕಾಡಿನವರು ಅಂತ ಮೇಘ ಬಾಯಿ ಬಿಟ್ಟಿದ್ದೇ ತಡ, ಚೆನ್ನೈನವರೂ ಸೇಲಂನ ಹೊಸ ಜೋಡಿಯೂ ನನ್ನ ಸುತ್ತ ಕೂತರು. ನಮ್ಮ ತಾಳವಾಡಿ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು; ಹಾಗಾಗಿ ನಾನು ತಮಿಳಿನಲ್ಲೇ ಪಾಠ ಶುರು ಮಾಡಿದೆ. ಆನೆಯ ವಾಸನೆ ಹೇಗಿರುತ್ತದೆ, ಕೊಂಬೆ ಮುರಿಯುವ ಸದ್ದು ಕೇಳಿದರೆ ಯಾವ ಕಡೆ ಓಡಬೇಕು, ತಟ್ಟೆ ಬಡಿದು ಹೇಗೆ ಕೂಗಬೇಕು. ಆನೆ ನನ್ನ ಸ್ವಂತ ಸೋದರಮಾವ ಅನ್ನುವ ಧಾಟಿಯಲ್ಲಿ ಹೇಳಿದೆ. ನಾನು ಆನೆ ನೋಡಿರುವುದೆಲ್ಲ ಹಾಸನೂರಿನ ಹತ್ತಿರ ಬಸ್ಸಿನ ಕಿಟಕಿಯಿಂದ ಮತ್ತು ನಮ್ಮ ಮನೆ ತಾರಸಿಯ ಮೇಲಿಂದ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಂಜೆ ಎಲ್ಲರೂ ಗೈಡ್ ಹಿಂದೆ ಹೊರಟೆವು. ಪರಿಮಳ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಬಾಟಲಿ. ದಾರಿ ಕಿರಿದು, ಎರಡೂ ಕಡೆ ಗಿಡ ಒತ್ತಾಗಿತ್ತು. ಹೊತ್ತು ಇಳಿಯುತ್ತಿತ್ತು. ನಮ್ಮೂರಿನಲ್ಲಾದರೆ ಆ ಹೊತ್ತಿಗೆ ಇಂಥ ದಾರಿಯಲ್ಲಿ ಯಾರೂ ಕಾಲಿಡುವುದಿಲ್ಲ. ಅಲೆಯ ಸದ್ದು ಕೇಳಿಸತೊಡಗಿತ್ತು. ಆಗ ಮೂಗಿಗೆ ಬಡಿಯಿತು, ಹಸಿ ಲದ್ದಿಯ ವಾಸನೆ. ಬೆನ್ನಿಗೇ ಎಡಗಡೆ ಏನೋ ಚಟಚಟ ಮುರಿದ ಸದ್ದು.

ನನ್ನ ಕೈ ತಾನಾಗಿ ಮೇಲೆದ್ದಿತು. “ನಿಂತ್ಕಳಿ. ಆನೆ ಅದೆ.”

ಕನ್ನಡದಲ್ಲೇ ಹೇಳಿದ್ದು. ಆದರೂ ಎಲ್ಲರಿಗೂ ಅರ್ಥವಾಯಿತು. ಎಲ್ಲರಿಗಿಂತ ಮೊದಲು ಓಡಿದ್ದು ದಯಾನಂದ್. ಅವನ ಹಿಂದೆ ಚೆನ್ನೈ, ಚೆನ್ನೈ ಹಿಂದೆ ಸೇಲಂ. ಮೇಘ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಪರಿಮಳನ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಈ ದ್ವೀಪದಲ್ಲಿ ಆನೆಯೇ ಇಲ್ಲ ಅಂತ ಗೈಡ್ ತಮಿಳಿನಲ್ಲಿ ಅರಚುತ್ತಾ ನಮ್ಮೆಲ್ಲರ ಹಿಂದೆ ಓಡಿ ಬಂದ. ಅವನು ಓಡುತ್ತಿರುವುದನ್ನು ನೋಡಿ ಇನ್ನೂ ಜೋರಾಗಿ ಓಡಿದೆವು.

ಎಲ್ಲರಿಗೂ ಉಸಿರು ಬಂದ ಮೇಲೆ ಗೈಡ್ ಒಬ್ಬನೇ ವಾಪಸ್ ಹೋಗಿ ಆನೆಯನ್ನು ಹಗ್ಗ ಕಟ್ಟಿ ಎಳೆದು ತಂದ. ರಿಸಾರ್ಟಿನದೇ ಹಸು. ಬಾಳೆಗಿಡ ಮುರಿದು ತಿನ್ನುತ್ತಿತ್ತಂತೆ. ಬೆಳಗ್ಗೆ ನಾವು ಕುಡಿದ ಕಾಫಿಗೆ ಹಾಲು ಕೊಟ್ಟಿದ್ದೂ ಅದೇ. ಅಷ್ಟರಲ್ಲಿ ಕತ್ತಲಾಗಿತ್ತು. ಕತ್ತಲಾದ ಮೇಲೆ ಬೀಚಿಗೆ ಬಿಡುವುದಿಲ್ಲ ಅಂತ ಗೈಡ್ ಕೈ ಕೊಡವಿದ. ಸೇಲಂನ ಗಂಡ ನನ್ನ ಕಡೆ ನೋಡಿದ ನೋಟದ ಬೈಗುಳದಲ್ಲಿ ಆ ಆನೆ ಸೋದರಮಾವನಿಗೂ ಪಾಲಿತ್ತು.

ಪರಿಮಳ ಬೈದಿದ್ದರೆ ಚೆನ್ನಾಗಿತ್ತು. ಅವಳು ಜಗಲಿಯ ಮೇಲೆ ಕೂತು ಬಾಟಲಿಯ ಮುಚ್ಚಳ ತಿರುಗಿಸುವುದು, ಹಾಕುವುದು ಮಾಡುತ್ತಿದ್ದಳು.

“ಅವ್ವ ಕೇಳ್ತಾಳೆ ಕಣಮ್ಮಿ” ಅಂದಳು ಕೊನೆಗೆ. “ಅಷ್ಟು ದೂರ ಓಗಿ ಅಸ ನೋಡ್ಕಂಡ್ ಬಂದೊ ಅನ್ಲಾ?”

“ಬೆಳಕರಿತಿದ್ದಂಗೆ ನಾನು ಕರ್ಕೊಂಡೋಯ್ತೀನಿ. ಬೋಟು ಬರೋಕಿಂತ ಮುಂಚೆ.”

“ನೀನಾ?”

“ಆನೆ ಇಲ್ವಲ್ಲ ಇಲ್ಲಿ.”

“ಅದ್ನ ನಿನ್ ಕಾಲ್ಗೆ ಏಳು.”

ಅವಳು ಹೇಳಿದ್ದೇ ಸರಿಯಾಯಿತು. ಬೆಳಗಿನ ಮಸುಕಿನಲ್ಲಿ ನಾವು ಮೂವರೂ ಆ ಕಾಲುದಾರಿಯ ಬಾಯಿಗೆ ಬಂದು ನಿಂತೆವು. ಇಲ್ಲಿ ಆನೆ ಇಲ್ಲ ಅಂತ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಮೇಘ ನನ್ನನ್ನು ಮುಂದಕ್ಕೆ ತಳ್ಳಿದಳು, ನಾನು ಅವಳನ್ನು ತಳ್ಳಿದೆ. ದೂರದಲ್ಲಿ ಬೋಟಿನವನು ಇಂಜಿನ್ ಸ್ಟಾರ್ಟ್ ಮಾಡಿ ನೋಡುತ್ತಿದ್ದ ಸದ್ದು ಬಂತು. ನಾನು ಪರಿಮಳನ ಕೈಯಿಂದ ಬಾಟಲಿ ಕಿತ್ತುಕೊಂಡು, ದಾರಿಯಲ್ಲಿದ್ದ ಒಂದು ಕಲ್ಲು ಎತ್ತಿಕೊಂಡು ಬಡಿಯತೊಡಗಿದೆ. ಠಣ್ ಠಣ್ ಠಣ್. ಮೇಘ ನಮ್ಮೂರಿನ ಹೊಲದ ಕಾವಲಿನವರ ಹಾಗೆ ಹೋ ಅಂತ ಕೂಗಿದಳು. ಪರಿಮಳ ಚಪ್ಪಾಳೆ ತಟ್ಟಿದಳು. ಹೀಗೆ ಇಲ್ಲದ ಆನೆಯನ್ನು ದಾರಿಯುದ್ದಕ್ಕೂ ಓಡಿಸಿಕೊಂಡು ಹೋದೆವು. ಹಿಂದಿನಿಂದ ‘ಹೆರಿಟೇಜ್’ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುವುದು ಕೇಳಿಸಿತು. ಚೆನ್ನೈನವರು ಮತ್ತೆ ಓಡಿದರೋ ಏನೋ, ತಿರುಗಿ ನೋಡಲಿಲ್ಲ.

ದಾರಿ ಮುಗಿಯಿತು. ಎದುರಿಗೆ ಸಮುದ್ರ.

ನಾನು ಕಲ್ಲು ಬಿಸಾಕಿ ಬಾಟಲಿಯನ್ನು ಪರಿಮಳನ ಕೈಗೆ ವಾಪಸ್ ಕೊಟ್ಟೆ. ಅಡ್ಡಕ್ಕೆ ಒಂದು ಗುಡ್ಡವೂ ಇರಲಿಲ್ಲ. ನಮ್ಮ ಕಡೆ ಎಲ್ಲಿ ನೋಡಿದರೂ ಕಣ್ಣು ಹೋಗಿ ಒಂದು ಬೆಟ್ಟಕ್ಕೆ ತಗುಲಿ ನಿಲ್ಲುತ್ತದೆ. ಇಲ್ಲಿ ಅದು ಹೋಗುತ್ತಲೇ ಇತ್ತು. ಪರಿಮಳ ಪಾದ ಮುಳುಗುವಷ್ಟು ಇಳಿದಳು. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆಯಿತು.

“ನೆಲ ಓಯ್ತಾ ಅದೆ ಕಣಮ್ಮಿ, ಇಡ್ಕ” ಅಂತ ನನ್ನ ಕೈ ಹಿಡಿದಳು. ನಗುತ್ತಿದ್ದಳು.

ಮೇಘ ರೀಲ್ಸ್ ಮಾಡಲು ಹೋಗಿ ಬಿದ್ದು ಒಂದು ಬಾಯಿ ನೀರು ಕುಡಿದು ಉಗಿದಳು. ಪರಿಮಳ ಮಾತ್ರ ನಾಲಿಗೆಗೆ ಒಂದು ಹನಿಯನ್ನೂ ಸೋಕಿಸಲಿಲ್ಲ. ಅವ್ವ ಮೊದ್ಲು ನೋಡ್ಲಿ ಅಂದಳು. ಬಾಟಲಿ ತುಂಬಿಸಿದಳು. ಬೋಟಿನ ಹಾರ್ನ್ ಕೇಳಿಸಿ ಓಡುವ ಗಡಿಬಿಡಿಯಲ್ಲಿ ಮುಚ್ಚಳ ಯಾಕೋ ಸರಿಯಾಗಿ ಕೂರಲಿಲ್ಲ. ಒತ್ತಿ ತಿರುಗಿಸಿ, ವೇಲು ಸುತ್ತಿ, ಬ್ಯಾಗಿನ ತಳಕ್ಕೆ ಇಟ್ಟಳು.

ಬೋಟು, ವಿಮಾನ, ರೈಲು, ಬಸ್ಸು. ಸತ್ಯಮಂಗಲದಿಂದ ಘಾಟಿಯ ತಿರುವುಗಳನ್ನು ಹತ್ತಿ ದಿಂಬಂನಲ್ಲಿ ಬಸ್ಸು ನಿಂತಾಗ ಟೀ ಕುಡಿಯಲು ಇಳಿದೆವು. ಪರಿಮಳ ಬ್ಯಾಗು ತೆರೆದಳು. ಬಾಟಲಿ ಮೇಲೆತ್ತಿದ ರೀತಿಯಲ್ಲೇ ನನಗೆ ತಿಳಿಯಿತು, ಅದರಲ್ಲಿ ಭಾರ ಇರಲಿಲ್ಲ. ನಾನು ಕಲ್ಲಿನಿಂದ ಬಡಿದ ಕಡೆ ಬಾಯಿಯ ಅಂಚು ಸೊಟ್ಟಗಾಗಿತ್ತು. ಬ್ಯಾಗಿನೊಳಗೆ ಬಟ್ಟೆಯೆಲ್ಲ ತೊಯ್ದು ಅರೆಬರೆ ಒಣಗಿತ್ತು.

ದಯಾನಂದ್ ಇಣುಕಿ ನೋಡಿ, “ಉಪ್ಪು ತಾನೆ? ಮನೇಲಿ ಪುಡಿ ಉಪ್ಪು ಅದೆ, ನಲ್ಲಿ ನೀರ್ಗೆ ಕಲಸಿ ಕೊಟ್ಬುಡು. ಆ ಅಕ್ಕಂಗೆಲ್ಲಿ ಗೊತ್ತಾಯ್ತದೆ” ಅಂದ. ಇಡೀ ಪ್ರವಾಸದಲ್ಲಿ ಅವನು ಕೊಟ್ಟ ಏಕೈಕ ಸಲಹೆ ಅದು.

ಪರಿಮಳ ಅವನ ಕಡೆ ನೋಡಲೂ ಇಲ್ಲ. ನನ್ನ ಕಡೆಯೂ ನೋಡಲಿಲ್ಲ. ಊರು ಬರುವ ತನಕ ಕಿಟಕಿಯ ಆಚೆ ಕಾಡು ನೋಡಿಕೊಂಡು ಕೂತಳು. ಪುಕ್ಕಟೆ ಕಾಡು.

ಬೆಳಗ್ಗೆ ನಾನೇ ಅವರ ಮನೆಗೆ ಹೋದೆ, ಬೈಸಿಕೊಳ್ಳುವುದಾದರೆ ಎದುರಿಗೇ ಬೈಸಿಕೊಳ್ಳೋಣ ಅಂತ. ಮಾದೇವಮ್ಮ ಕೆಲಸಕ್ಕೆ ಹೊರಟು ನಿಂತಿದ್ದರು. ಪರಿಮಳ ಖಾಲಿ ಬಾಟಲಿ ಕೊಟ್ಟು, ಸೋರೋಯ್ತು ಕಣವ್ವ ಅಂದಳು. ಮಾದೇವಮ್ಮ ಅದನ್ನು ಬೋರಲು ಹಾಕಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

“ಓಗ್ಲಿ ಬುಡು” ಅಂದರು. ಆ ಮಾತನ್ನು ಅವರು ಎಷ್ಟು ಅಭ್ಯಾಸದಿಂದ ಹೇಳಿದರು ಅಂದರೆ, ನನಗೆ ತಲೆ ಎತ್ತಲಾಗಲಿಲ್ಲ.

ತಲೆ ತಗ್ಗಿಸಿದ್ದಕ್ಕೇ ಕಂಡಿದ್ದು. ಒಗೆಯುವ ಬಟ್ಟೆಗಳ ಮೇಲೆ ಪರಿಮಳನ ವೇಲು ಬಿದ್ದಿತ್ತು. ರಾತ್ರಿಯೆಲ್ಲ ಒಣಗಿ ಗಂಜಿ ಹಾಕಿದ ಹಾಗೆ ಸೆಟೆದುಕೊಂಡಿತ್ತು. ಮಡಿಕೆಗಳಲ್ಲಿ ಬಿಳಿ ಗೆರೆ. ನಾನು ಅದನ್ನು ಎತ್ತಿ ಮಾದೇವಮ್ಮನ ಕೈಗೆ ಕೊಟ್ಟೆ.

“ಅಷ್ಟೂ ಇದ್ರಲ್ಲೇ ಅದೆ ಕಣಕ್ಕ. ನೀರು ಮಾತ್ರ ಇಲ್ಲ.”

ಅವರು ನನ್ನನ್ನೊಮ್ಮೆ, ವೇಲನ್ನೊಮ್ಮೆ ನೋಡಿದರು. ಆಮೇಲೆ ಅದರ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪಿದರು. ಮಾದೇವಮ್ಮನ ಮುಖ ನಿಧಾನಕ್ಕೆ ಹುಳ್ಳಗಾಗಿ, ಕಣ್ಣು ಕಿರಿದಾಗಿ, ಕೊನೆಗೆ ಬಾಯಿ ಅಗಲವಾಯಿತು.

“ಥೂ, ಜಾಸ್ತಿ ಆಗೋಯ್ತು. ಯಾರ್ ಮಾಡಿದ್ದು ಇದ್ನ?”

ಪರಿಮಳ ನಕ್ಕಿದ್ದೇ ನಕ್ಕಿದ್ದು. ಇನ್ನೊಂದು ತುದಿಯನ್ನು ತಾನೂ ಬಾಯಿಗಿಟ್ಟುಕೊಂಡಳು. ಅಷ್ಟು ದೂರ ಹೋಗಿ ಬಂದವಳು ಸಮುದ್ರದ ರುಚಿ ನೋಡಿದ್ದು ತಾಳವಾಡಿ ಫಿರ್ಕಾದ ನಮ್ಮೂರಿನಲ್ಲಿ, ಅವ್ವನ ಜೊತೆ.

ಮಾದೇವಮ್ಮ ಬಾಟಲಿ ತುಂಬಲು ಕೊಡದ ಹತ್ತಿರ ಬಗ್ಗಿದವರು ಹಾಗೇ ನಿಂತು ಅದನ್ನು ತಿರುಗಿಸಿ ನೋಡಿದರು. “ಇದ್ಯಾಕೆ ಇಂಗೆ ನೆಗ್ಗಾಗದೆ?”

ನಾನು ಬಾಯಿ ತೆರೆದೆ. ಪರಿಮಳ ನನ್ನ ಕಾಲು ತುಳಿದಳು.

“ಆನೆ ಬಂದಿತ್ತು ಕಣವ್ವ. ಪದ್ಮಿ ಬಡ್ದು ಓಡಿಸುದ್ಲು.”

“ಅಲ್ಲೂವಾ?” ಅಂದರು ಮಾದೇವಮ್ಮ, ವೇಲಿನ ತುದಿಯನ್ನು ಇನ್ನೊಂದು ಸಲ ಚೀಪುತ್ತಾ.