ಹಿಂದಕ್ಕೆ ಹೋದ ಸದ್ದು

"ಮಾವ, ಕಾರು ಗುಂಯ್ ಅಂತಿದೆ" ಎಂದು ಸಾರಥಿಗೆ ಮೊದಲು ಹೇಳಿದವಳು ಅವನ ಹೆಂಡತಿಯ ತಮ್ಮನ ಮಗಳು. ದಿನಾ ಬೆಳಿಗ್ಗೆ ಅವಳನ್ನೂ ಇನ್ನು ಮೂವರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಹೆದ್ದಾರಿಯಾಚೆಯ ಕಾರ್ಖಾನೆಗೆ ಬಿಡುವುದು ಅವನ ಕೆಲಸ. ಹೋದ ವಾರ ಟೈರುಗಳನ್ನು ಹಿಂದುಮುಂದು ಮಾಡಿಸಿದ ಮೇಲೆ ಶುರುವಾದ ಸದ್ದಂತೆ. ಅಂತೆ ಎನ್ನಬೇಕು, ಏಕೆಂದರೆ ಸಾರಥಿಗೆ ಅದು ಕೇಳಿಸಿರಲಿಲ್ಲ. ಒಂದು ವರ್ಷದಿಂದ ಅವನ ಎರಡೂ ಕಿವಿಗಳು ಮಂದವಾಗುತ್ತ ಬಂದಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸ್ಟೀರಿಂಗ್ ಕೈತಪ್ಪುತ್ತದೆ. ಐವತ್ತು ದಾಟಿದವನಿಗೆ ಬೇರೆ ವಿದ್ಯೆ ಬಾರದು. ಮೊದಮೊದಲು ಭಯವಾಗುತ್ತಿತ್ತು. ಈಗ ಅದೂ ಇಲ್ಲ, ಜೋಮು ಹಿಡಿದ ಕಾಲನ್ನು ಎಳೆದುಕೊಂಡು ನಡೆಯುವವನಂತೆ ದಿನ ದೂಡುತ್ತಿದ್ದ.

ಗ್ಯಾರೇಜು ಆ ಹುಡುಗಿಯ ಅಪ್ಪ, ಅವನ ಭಾವಮೈದನದೇ. ಸಾರಥಿ ಎಂದು ಹೆಸರಿಟ್ಟವನೂ ಅವನೇ. ಭಾವನ ಕಾಲೆಳೆಯದಿದ್ದರೆ ಅವನಿಗೆ ತಿಂದದ್ದು ಅರಗದು.

"ಬನ್ನಿ ಮಹಾರಥಿಗಳೇ. ಸದ್ದು ಮುಂದಿಂದಾನೋ ಹಿಂದಿಂದಾನೋ?"

"ಅದು... ಒಂಥರಾ ಎಲ್ಲಾ ಕಡೆಯಿಂದ ಬರುತ್ತಪ್ಪ."

"ಸರಿಹೋಯ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಹೇಳಿ."

ಭಾವಮೈದ ಜಾಕ್ ಏರಿಸಿ ಮುಂದಿನ ಚಕ್ರ ಬಿಚ್ಚಿದ. ಸಾರಥಿಯ ಕೈ ಹಿಡಿದು ಟೈರಿನ ಮೇಲೆ ಸವರಿಸಿದ. ಒಂದು ದಿಕ್ಕಿಗೆ ನುಣುಪು, ವಾಪಸು ಎಳೆದರೆ ಗರಗಸದ ಹಲ್ಲು.

"ಹಿಂದೆ ಇದ್ದಾಗ್ಲೇ ಹೀಗೆ ಅಡ್ಡಾದಿಡ್ಡಿ ಸವೆದಿದೆ. ಈಗ ಮುಂದೆ ಬಂತಲ್ಲ, ಅದಕ್ಕೇ ಜೋರಾಗಿ ಕೇಳ್ತಿದೆ."

ಎದುರು ನಿಂತು ಹೇಳಿದ್ದರಿಂದ ಇಷ್ಟೂ ತಿಳಿಯಿತು. ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಸಾರಥಿ ಪಳಗಿದ್ದ. ಆಮೇಲೆ ಭಾವಮೈದ ಆ ಕಡೆ ತಿರುಗಿ ಕೂತು ನಟ್ಟು ಬಿಗಿಯುತ್ತ ಏನೋ ಹೇಳಿದ. ಸಾರಥಿ ಅವನ ಬೆನ್ನಿಗೆ "ಹೌದೌದು, ಹಾಗೇ ಮಾಡು" ಎಂದು ನಕ್ಕ. ಎರಡು ಹೌದು, ಮೇಲೊಂದು ನಗು. ಇಷ್ಟಿದ್ದರೆ ಸಂಸಾರವೇ ಸಾಗುತ್ತದೆ ಎಂಬುದನ್ನು ಅವನು ಈ ಒಂದು ವರ್ಷದಲ್ಲಿ ಕಂಡುಕೊಂಡಿದ್ದ.

ಮುಂದಿನ ಟೈರುಗಳು ಹಿಂದಕ್ಕೂ ಹಿಂದಿನವು ಮುಂದಕ್ಕೂ ಬದಲಾದ ಮೇಲೆ ಇಬ್ಬರೂ ಹೆದ್ದಾರಿಯವರೆಗೆ ಒಂದು ಸುತ್ತು ಹೋದರು. ಈಗ ಹೇಗಿದೆ ಎಂದು ಭಾವಮೈದ ಕೈಸನ್ನೆ ಮಾಡಿ ಕೇಳಿದ.

"ಪೂರ್ತಿ ಹೋಯ್ತು ನೋಡು! ಬೆಣ್ಣೆ ಮೇಲೆ ಓಡಿದಂಗಿದೆ. ನಿನ್ನ ಕೈಗುಣವೇ ಕೈಗುಣ."

ಭಾವಮೈದ ನಗಲಿಲ್ಲ. ಬದಿಗೆ ನಿಲ್ಲಿಸಿ ಎಂದು ಕೈ ತೋರಿಸಿದ. ಸಾರಥಿ ನಿಲ್ಲಿಸಿದ.

"ಭಾವ, ಸದ್ದು ಹೋಗಲ್ಲ, ಟೈರಿನ ಜೊತೆ ಹಿಂದಕ್ಕೆ ಹೋಗುತ್ತೆ ಅಷ್ಟೆ ಅಂತ ಆಗ್ಲೇ ಹೇಳ್ದೆ. ನೀವು ಹೌದೌದು ಅಂದ್ರಿ. ಈಗ ಹಿಂದುಗಡೆ ಗುಂಯ್ ಅಂತಾನೇ ಇತ್ತು. ಅದು ಹಾಳಾಗ್ಲಿ. ಒಬ್ಬ ಲಾರಿಯವ್ನು ಅಷ್ಟು ದೂರದಿಂದ ಹಾರ್ನ್ ಹೊಡ್ಕೊಂಡು ಬಂದ. ನೀವು ದಾರಿನೇ ಬಿಡ್ಲಿಲ್ಲ."

ಸಾರಥಿ ಅವನ ತುಟಿಗಳನ್ನೇ ನೋಡುತ್ತಿದ್ದ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಕ್ಕಿಬಿದ್ದೆನಲ್ಲ ಎಂಬ ದಿಗಿಲೂ ಹುಟ್ಟಲಿಲ್ಲ.

"ಯಾವಾಗಿಂದ?"

"ವರ್ಷ ಆಗಿರಬೇಕು."

"ಅಕ್ಕಂಗೆ ಗೊತ್ತಾ?"

"ಇಲ್ಲ. ಹೇಳಬೇಡ."

ಭಾವಮೈದ ಮುಖ ತಿರುಗಿಸಿ ಗಾಜಿನಾಚೆ ನೋಡಿದ. ಬೈಯುತ್ತಾನೆ ಎಂದುಕೊಂಡ ಸಾರಥಿ. ಬೈದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಆದರೆ ಅಕ್ಕನ ಗಂಡನ ಮುಂದೆ ಭಾವಮೈದ ಎಂದೂ ದನಿ ಏರಿಸಿದವನಲ್ಲ. ಈ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದ.

"ನಾಳೆ ಬೆಳಿಗ್ಗೆ ನನ್ನ ಮಗಳನ್ನ ಕರ್ಕೊಂಡು ಹೋಗ್ತೀರಾ ಭಾವ? ನೀವು ಹೋಗ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ."

ಹೌದೌದು ಎಂಬುದು ಅಭ್ಯಾಸಬಲದಿಂದ ಬಾಯಿತನಕ ಬಂತು. ಸಾರಥಿ ಕೀಲಿ ತಿರುಗಿಸಿದ. ಅಂಗೈಯಡಿ ಸ್ಟೀರಿಂಗಿನ ಅದುರು ನಿಂತದ್ದರಿಂದ ಇಂಜಿನ್ ಆರಿತೆಂದು ಗೊತ್ತಾಯಿತು. ಕೀಲಿಯನ್ನು ಭಾವಮೈದನ ಕೈಗಿಟ್ಟು, ಬಾಗಿಲು ತೆಗೆದು ಇಳಿದ.

"ಮಗೂಗೆ ಬಸ್ಸಿಗೆ ಹೋಗೋಕೆ ಹೇಳು," ಅಂದ. "ಉಳಿದ ಮೂವರಿಗೂ ಅವಳೇ ಹೇಳ್ಲಿ."