ಅಮ್ಮನ ಪಾಲಿಗೆ ಬಂದ ಕೊನೆ

ಮಗಳು ತೀರಿಕೊಂಡ ಅಮ್ಮನ ಸ್ವೆಟರಿನ ಗುಂಡಿ ಹಾಕುತ್ತಿದ್ದಳು. ಮೇಲಿನ ಗುಂಡಿ ಕೂರಲೊಲ್ಲದು.

"ಬಿಡಮ್ಮ, ನಾನ್ ಹಾಕ್ತೀನಿ" ಎಂದು ಗುಂಡಿಯಕ್ಕ ಪಕ್ಕಕ್ಕೆ ಬಂದಳು. ಅಂಗಿ ಕಾರ್ಖಾನೆಯ ಕೈಹೊಲಿಗೆ ಕೋಣೆಯಲ್ಲಿ ಜೀವಮಾನವಿಡೀ ಗುಂಡಿ ಹಚ್ಚಿದವಳು, ಅಮ್ಮನ ಜೀವದ ಗೆಳತಿ. ಜೊತೆಗೆ ಕಾಲರ್ ಹೊಲಿಯುತ್ತಿದ್ದ ಕಾಲರಕ್ಕ ಮತ್ತು ಅದೇ ಕೋಣೆಯ ನಾಲ್ಕಾರು ಹೆಂಗಸರು. ಶವದ ಗಾಡಿ ಬರುವುದು ತಡವಂತೆ. ಎಲ್ಲರೂ ಗೋಡೆಗೊರಗಿ ಕುಳಿತರು.

ಕಾಲರಕ್ಕ ಮಗಳನ್ನು ಮೆಲ್ಲಗೆ ಕೇಳಿದಳು, "ಅಮ್ಮಂಗೆ ಮಾತು ನಿಂತ್ಹೋದ್ಮೇಲೆ ಒಂದ್ಸಲಾನೂ ಹೇಳ್ಲಿಲ್ವೇನೇ?"

"ಮಾತೇ ನಿಂತ್ಮೇಲೆ ಹೇಗ್ ಹೇಳ್ತಾಳೆ, ನಿನ್ ತಲೆ!" ಎಂದಳು ಗುಂಡಿಯಕ್ಕ.

"ಏನನ್ನ ಚಿಕ್ಕಮ್ಮ?" ಎಂದಳು ಮಗಳು.

"ನಮ್ ಪುಸ್ತಕದ ಕೊನೆ ಕಣೇ."

*

ಆ ಕೋಣೆಯಲ್ಲೊಂದು ರೂಢಿಯಿತ್ತು. ಅಮ್ಮ ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ಅಂಗಿಗಳನ್ನು ಉಳಿದವರು ಹೊಲಿಯಬೇಕು. ಓದುತ್ತಿದ್ದದ್ದು ಒಂದೇ ಪುಸ್ತಕ, ಬಾವಿ ತೋಡುವವಳ ಕತೆ. ಅವಳು ಹಗಲೆಲ್ಲ ತೋಡಿದ್ದನ್ನು ದೊರೆಯ ಆಳುಗಳು ರಾತ್ರಿ ಮುಚ್ಚುತ್ತಾರೆ, ಬೆಳಗಾದರೆ ಅವಳು ಮತ್ತೆ ಗುದ್ದಲಿ ಹಿಡಿಯುತ್ತಾಳೆ. ಮ್ಯಾನೇಜರನಿಗೆ ಆ ದೊರೆಯ ಮೇಲೆ ಅದೇನು ಮಮತೆಯೋ! ಒಂದು ದಿನ ಪುಸ್ತಕ ಕಸಿದು ಬಾಯ್ಲರಿನ ಬೆಂಕಿಗೆ ಹಾಕಿದ. ಎಷ್ಟು ಹುಡುಕಿದರೂ ಇನ್ನೊಂದು ಪ್ರತಿ ಸಿಗಲಿಲ್ಲ.

"ಅಳೋದು ಆಮೇಲೆ" ಎಂದಳು ಅಮ್ಮ. "ಅಂಗಿ ಹಂಚ್ಕೊಂಡ ಹಾಗೇ ಹಂಚ್ಕೊಳ್ಳೋಣ. ನೆನಪಿರೋವಾಗ್ಲೇ ಒಬ್ಬೊಬ್ರು ಒಂದೊಂದು ಭಾಗ ಬಾಯಿಪಾಠ ಮಾಡಿ. ಕೊನೆ ನಂಗಿರ್ಲಿ."

ಅಂದಿನಿಂದ ಕೋಣೆಯಲ್ಲಿ ಒಬ್ಬೊಬ್ಬರಾಗಿ ಹೇಳುತ್ತ ಹೊಲಿದರು. ಪಾಪ, ಮ್ಯಾನೇಜರ್ ಏನನ್ನು ತಾನೇ ಕಸಿದಾನು?

*

"ಏನಾಯ್ತು ಅಂತ ಗೊತ್ತು" ಎಂದು ಗುಂಡಿಯಕ್ಕ ಬಿಕ್ಕಿದಳು. "ಆದ್ರೆ ಆ ಮಾತುಗಳು ಬರಲ್ಲ. ನಾವ್ ಹೇಳಿದ್ರೆ ಬರೀ ಸುದ್ದಿ ಆಗುತ್ತೆ. ಅವಳ ಜೊತೆನೇ ಹೊರಟ್ಹೋಯ್ತಲ್ಲೇ!"

ಮಗಳಿಗೆ ತಟ್ಟನೆ ನೆನಪಾಯಿತು. ಚಿಕ್ಕಂದಿನಲ್ಲಿ ಮಲಗಿಸುವಾಗ ಅಮ್ಮ ಹೇಳುತ್ತಿದ್ದದ್ದು ಒಂದೇ ಕತೆ. ಯಾರದು, ಎಲ್ಲಿಯದು, ಒಂದೂ ತಿಳಿಯುತ್ತಿರಲಿಲ್ಲ. "ನಿನ್ ಕತೆಗೆ ತಲೆನೇ ಇಲ್ಲ, ಬರೀ ಬಾಲ!" ಎಂದು ಮಗಳು ರೇಗಿಸುತ್ತಿದ್ದಳು. ಹಾಗಂತ ಅಮ್ಮ ಒಂದು ಮಾತು ಬದಲಿಸಿದರೂ ಬಿಡುತ್ತಿರಲಿಲ್ಲ.

"ನೀವು ಮೊದಲಿಂದ ಹೇಳಿ" ಎಂದಳು.

ಕಾಲರಕ್ಕ ಶುರು ಮಾಡಿದಳು. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಗುಂಡಿಯಕ್ಕನ ಭಾಗವೂ ಮುಗಿಯಿತು. ಮಗಳು ಅಮ್ಮನ ತಣ್ಣನೆಯ ಕೈ ಹಿಡಿದುಕೊಂಡು ಮುಂದುವರಿಸಿದಳು.

"ಬಾವಿ ತುಂಬ ಕಲ್ಲು. ತೋಡಿದವಳೂ ಇಲ್ಲ, ಮುಚ್ಚಿಸಿದವನೂ ಇಲ್ಲ. ಎತ್ತಲಿಂದಲೋ ಒಂದು ಮಗು ಬಂತು. ದಣಿದು ಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿತು. ಕೆಳಗೆ, ಬಲು ಕೆಳಗೆ, ನೀರು ಮಾತಾಡುತ್ತಿತ್ತು."

ಹೊರಗೆ ಗಾಡಿ ಬಂದು ನಿಂತಿತ್ತು. ಯಾರೂ ಏಳಲಿಲ್ಲ. ಹೆಂಗಸರ ಕೈಗಳು ಮಡಿಲಲ್ಲಿ ತಾವಾಗಿಯೇ ಹೊಲಿಯುತ್ತಿದ್ದವು. ಗುಂಡಿಯಕ್ಕ ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಇಲ್ಲದ ದಾರವನ್ನು ಹಲ್ಲಿನಿಂದ ಕಡಿದಳು.